ತಿಕ್ಕಿದ ಕಲ್ಲು

ದಾಂಡೇಲಿಯ ನಮ್ಮ ಓಣಿಯ ಸ್ಕೂಟರ್ ಮೆಕ್ಯಾನಿಕ್, ಗಾಡಿಗೆ ಏನೇ ಆಗಿದ್ದರೂ ಹೆಬ್ಬೆರಳು ಆಡಿಸುತ್ತ, "ತಿಕ್ಕಿದ್ರ ಹೋಗ್ತೈತಿ ಬಿಡ್ರಿ" ಎನ್ನುತ್ತಿದ್ದರು.

ಅವರ ಗ್ಯಾರೇಜಿನಲ್ಲೊಂದು ಪುಟ್ಟ ಗಾಜಿನ ತೊಟ್ಟಿಯಿತ್ತು. ಕಾರವಾರದಿಂದ ಕ್ಯಾನಿನಲ್ಲಿ ತಂದ ಸಮುದ್ರದ ನೀರು, ಅಲ್ಲಿಯದೇ ಕಲ್ಲು, ಒಂದೇ ಒಂದು ಪಟ್ಟೆ ಮೀನು. ಒಮ್ಮೆ ಆ ಕಲ್ಲಿನ ಮೇಲೆ ಕಂದು ಹೂವಿನಂಥದ್ದು ಅರಳಿತು. ಎಲ್ಲರೂ ಬೆರಗಾದೆವು. ಅವರು ಮಾತ್ರ "ಜಂಗು" ಎಂದು ತುಕ್ಕು ತೆಗೆಯುವ ತಂತಿ ಬ್ರಷ್ಷಿನಿಂದ ತಿಕ್ಕಿಬಿಟ್ಟರು. ತಿಕ್ಕಿದಷ್ಟೂ ಉದುರಿದ ಚೂರುಗಳೆಲ್ಲ ಚಿಗುರಿ, ಕೆಲವೇ ವಾರಗಳಲ್ಲಿ ಕಲ್ಲಿನ ತುಂಬ ಅಂಥವೇ ಹೂಗಳಾದವು.

ಕಾರವಾರದಲ್ಲಿ ಮೀನು ಹಿಡಿಯುವ ಅವರ ಭಾವ ಬಂದವನು ಬಗ್ಗಿ ನೋಡಿದ. "ಜಂಗ ಅಲ್ಲೋ, ಇದಕ್ಕ ಜೀವ ಐತಿ. ಮೀನಿಗೆ ಕುಟುಕ್ತೈತಿ. ತಿಕ್ಕಿ ತಿಕ್ಕಿ ನೀನ ಬಿತ್ತಿದಂಗಾತು."

ಮರುದಿನ ತೊಟ್ಟಿಯ ಮೇಲೆ ಗ್ರೀಸ್ ಬಟ್ಟೆ ಹೊದಿಸಿತ್ತು. ನಾನು ಸರಿಸಹೋದೆ. ಅವರು ಅದೇ ಹೆಬ್ಬೆರಳಿನಿಂದ ಅಂಚನ್ನು ಒತ್ತಿಹಿಡಿದರು.

"ಬ್ಯಾಡ್ರಿ. ಮೀನು ಮೂಲ್ಯಾಗ ನಿಂತು ನನ್ನ ಮಾರೀನ ನೋಡ್ತೈತಿ."