ಕಿಟಕಿಯಲ್ಲಿ ಒಂದು, ಚಕ್ರದಲ್ಲಿ ಮೂರು

ನನ್ನ ಹಳೆಯ ಸೈಕಲ್ಲಿನಲ್ಲಿ ಗೇರ್ ಬದಲಿಸಲು ಒಂದು ಸಣ್ಣ ಲಿವರ್ ಇತ್ತು. ಅದಕ್ಕೆ ಅಂಕಿಯಿಲ್ಲ, ಮಧ್ಯೆ ನಿಲುಗಡೆಯಿಲ್ಲ. ಎಳೆಯುತ್ತ ಹೋಗಬೇಕು, ಚೈನು ಹಲ್ಲಿನ ಮೇಲೆ ಸರಿಯಾಗಿ ಕೂತೊಡನೆ ಕರಕರ ನಿಲ್ಲುತ್ತದೆ, ಕೈಯೂ ನಿಲ್ಲಬೇಕು. ದೊಡ್ಡಪ್ಪನ ಮಗನ ಹೊಸ ಸೈಕಲ್ಲಿಗೆ ಇಂಥ ಕಷ್ಟವಿರಲಿಲ್ಲ. ಹಿಡಿ ತಿರುಗಿಸಿದರೆ ಟಕ್ ಎನ್ನುತ್ತಿತ್ತು, ಪುಟ್ಟ ಕಿಟಕಿಯಲ್ಲಿ ಅಂಕಿ ಬದಲಾಗುತ್ತಿತ್ತು. ಆ ಟಕ್ ಶಬ್ದವನ್ನೇ ಅವನು ವಿಜ್ಞಾನ ಎಂದುಕೊಂಡಿದ್ದ.

"ನಿಂದು ಗುಜರಿ ಮಾರಾಯ," ಎಂದ.

ಕಾಲೇಜಿನ ಚರ್ಚಾಸ್ಪರ್ಧೆಯ ಹುಮ್ಮಸ್ಸಿನಲ್ಲಿ ನಾನು ವಾದಕ್ಕಿಳಿದೆ. ದೊಡ್ಡಪ್ಪ ತಡೆದರು. "ಬಾಯಲ್ಲಿ ಸೈಕಲ್ ಹೊಡೀಬೇಡ. ನಾಳೆ ಇಬ್ರೂ ದೇವರಮನೆ ಗುಡ್ಡ ಹತ್ತಿ. ನೀನು ಕಾಲು ಕೆಳಗಿಟ್ರೆ ಅದು ಗುಜರಿಗೇ."

"ಅಣ್ಣ ಇಟ್ರೆ?"

ದೊಡ್ಡಪ್ಪ ಆಗಲೇ ಜೀಪಿನತ್ತ ನಡೆದಿದ್ದರು.

ಮರುದಿನ ಹೊರಡುವಾಗ ನೋಡಿದರೆ ಎರಡೂ ಸೈಕಲ್ಲುಗಳ ಗೇರ್ ತಂತಿ ಸಡಿಲ. ನಾನು ಲಿವರನ್ನು ಒಂದಿಷ್ಟು ಹೆಚ್ಚು ಎಳೆದರೆ ಮುಗಿಯಿತು. ಅವನ ತಂತಿಯ ತುದಿಯಲ್ಲಿ ಬೆರಳಿನಿಂದಲೇ ತಿರುಗಿಸುವ ತಿರುಪು ಇತ್ತು. ತಂತಿ ಬಿಗಿ ಮಾಡಲು ಅದಕ್ಕೆ ಕೈ ಹಾಕಿದೆ.

"ಮುಟ್ಬೇಡ! ಅದು ಕಂಪನಿ ಸೆಟ್ಟಿಂಗ್!"

ಅವರ ಎಸ್ಟೇಟಿನ ಮತಧರ್ಮವೇ ಇದು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ನಿಂತರೆ, ಕಂಪನಿಯ ಮನುಷ್ಯ ಬರುವವರೆಗೆ ಒಂದು ನಟ್ಟನ್ನೂ ಮುಟ್ಟುವಂತಿಲ್ಲ. ಹಣ್ಣು ರಾಶಿಯಲ್ಲೇ ಹುಳಿಯಲಿ.

ಏರು ಕಡಿದಾಯಿತು. ಅವನು ಟಕ್ ಟಕ್ ಎಂದು ತಿರುಗಿಸಿದ. ಅಂಕಿ ಒಂದಕ್ಕಿಳಿಯಿತು, ಚೈನು ಮೂರರಲ್ಲೇ ಉಳಿಯಿತು. ಎದ್ದು ನಿಂತು ತುಳಿಯುತ್ತ ಏದುಸಿರು ಬಿಡತೊಡಗಿದ.

"ಹಿಂದೆ ಬಗ್ಗಿ ನೋಡೋ ಅಣ್ಣ, ಚೈನು ಸರಿದೇ ಇಲ್ಲ."

"ಒಂದ್ರಲ್ಲಿದೆ ಮಾರಾಯ! ಇಲ್ಲಿ ಕಾಣಲ್ವಾ?"

ತನ್ನ ತೊಡೆ ನಡುಗುವುದಕ್ಕಿಂತ ಕಿಟಕಿಯ ಅಂಕಿ ಅವನಿಗೆ ಹೆಚ್ಚು ನಿಜ. ಮುಂದಿನ ತಿರುವಿನಲ್ಲಿ ಕಾಲು ಕೆಳಗಿಟ್ಟ.

ನನ್ನ ಲಿವರೂ ಸಾಚಾ ಅಲ್ಲ. ಜಾರಿ ಹಿಂದೆ ಬರುತ್ತಿತ್ತು. ಕೊನೆಯವರೆಗೂ ಒಂದು ಕೈಯಲ್ಲಿ ಅದುಮಿ ಹಿಡಿದೇ ಹತ್ತಿದೆ. ಆದರೆ ಅದರ ದೋಷ ನನ್ನ ಕೈಗೆ ಗೊತ್ತಾಗುತ್ತಿತ್ತು.

ಅಣ್ಣ ಸೈಕಲ್ ತಳ್ಳಿಕೊಂಡು ಮೇಲೆ ಬಂದ. ಹಿಂದೆಯೇ ಜೀಪಿನಲ್ಲಿ ಬಂದ ದೊಡ್ಡಪ್ಪ, ಚೈನಿನತ್ತ ಕಣ್ಣೂ ಹಾಯಿಸದೆ ಹಿಡಿಯ ಮೇಲಿನ ಅಂಕಿಯ ಕಿಟಕಿಗೆ ಬಗ್ಗಿದರು.

"ಒಂದೇ ಇದೆಯಲ್ಲ. ಈ ಏರಿಗೆ ಆರು ಗೇರ್ ಸಾಲಲ್ಲ ಕಣೋ. ಇಪ್ಪತ್ತೊಂದರದ್ದು ತರ್ಸೋಣ." ಆಮೇಲೆ ನನ್ನ ಕಡೆ ತಿರುಗಿ, "ನಿಂದು ನೀನೇ ಇಟ್ಕೋ. ಅದೃಷ್ಟ ಚೆನ್ನಾಗಿತ್ತು," ಎಂದರು.

ಅಣ್ಣ ಆಗಲೇ ಹೊಸದರ ಬಣ್ಣ ಹೇಳುತ್ತಿದ್ದ. ಇಂಥವರೊಡನೆ ವಾದವೇನು? ಲಿವರ್ ಮುಂದಕ್ಕೆ ತಳ್ಳಿ ಇಳಿಜಾರು ಹಿಡಿದೆ.