ಲೋಕದ ಬಡತನಕ್ಕೆ ಬೆಳಗೋಡಿನ ಮೂವರು

ಆಷಾಢ ಬಂತೆಂದರೆ ನಮ್ಮಂಥ ಟೈಲರ್‌ಗಳಿಗೆ ಕೈ ಖಾಲಿ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ರವಿಕೆ ಹೊಲಿಸುವವರೂ ಇಲ್ಲ. ಬೆಳಗೋಡಿನ ನನ್ನ ಅಂಗಡಿಯಲ್ಲಿ ಹಳೆಯ ಲಂಗಕ್ಕೆ ಲಾಡಿ ಪೋಣಿಸುತ್ತಾ ಕೂತಿದ್ದ ಒಂದು ಮಧ್ಯಾಹ್ನ ಸಿಸ್ಟರಮ್ಮ ಕೊಡೆ ಮಡಚಿ ಒಳಗೆ ಬಂದರು.

ಸಿಸ್ಟರಮ್ಮ ಎಂದರೆ ನಮ್ಮ ಭಾಗದ ಸರ್ಕಾರಿ ನರ್ಸಾಗಿದ್ದವರು. ಲಸಿಕೆಯ ಡಬ್ಬ ಹೊತ್ತು ಈ ಗುಡ್ಡಗಳನ್ನೆಲ್ಲ ಕಾಲಿನಲ್ಲೇ ಅಳೆದವರು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಮ್ಮನಿಗೆ ಟಿಬಿ ಬಂದಿತ್ತು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಸಿಸ್ಟರಮ್ಮ ನಮ್ಮ ಮನೆಗೆ ಬಂದು, ಅಮ್ಮ ಮಾತ್ರೆ ನುಂಗುವವರೆಗೂ ಎದುರಿಗೇ ನಿಂತಿರುತ್ತಿದ್ದರು. ಅಮ್ಮ ಬದುಕಿದಳು. ಈಗ ಎಪ್ಪತ್ತು ದಾಟಿದ್ದಾಳೆ, ನನ್ನ ಸಾರಿಗೆ ದಿನವೂ ಒಂದು ತಪ್ಪು ಹುಡುಕುತ್ತಾಳೆ. ಹಾಗಾಗಿ ಸಿಸ್ಟರಮ್ಮ ಏನು ಹೇಳಿದರೂ ಇಲ್ಲ ಎನ್ನುವ ಬಾಯಿ ನನಗಿಲ್ಲ.

"ಸುಮ್ನೆ ಕೂತಿದ್ದೀಯ ತಾನೆ? ಒಂದು ಕಾಗ್ದ ಬರಿ," ಅಂದರು.

"ಯಾರಿಗೆ ಸಿಸ್ಟರಮ್ಮ?"

"ನಮ್ಮ ಎಂ.ಪಿ.ಗೆ. ಲೋಕದಲ್ಲಿ ಬಡತನ ಹೋಗ್ಬೇಕು ಅಂತ."

ನನಗೆ ನಗು ತಡೆಯಲಾಗಲಿಲ್ಲ. "ನಮ್ಮ ಬೀದೀಲಿ ಲೈಟೇ ಉರಿಯಾಕಿಲ್ಲ, ಲೋಕದ ಬಡತನ ನಾವು ಎಲ್ಲಿಂದ ಓಡ್ಸಾನ?"

ಅವರು ನಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತು ವಿವರಿಸಿದರು. ಅವರ ಹಳೆಯ ಗೆಳತಿಯೊಬ್ಬರ ಮೂಲಕ ಒಂದು ಬಳಗದ ಪರಿಚಯವಾಗಿತ್ತಂತೆ. ಊರೂರಿನಲ್ಲಿ ಸಂಬಳವಿಲ್ಲದೆ ಕೆಲಸ ಮಾಡುವ ಸಾಮಾನ್ಯ ಜನ. ತಿಂಗಳಿಗೊಮ್ಮೆ ಫೋನಿನಲ್ಲಿ ಸೇರಿ ಒಂದು ವಿಷಯ ಕಲಿಯುವುದು, ಆಮೇಲೆ ತಮ್ಮ ಪ್ರತಿನಿಧಿಗೆ ಬರೆಯುವುದು, ಭೇಟಿಯಾಗುವುದು, ಕೇಳಿದ್ದು ಆಗುವವರೆಗೂ ಬಿಡದೆ ಕೇಳುವುದು. ಈ ವರ್ಷದ ವಿಷಯ ಟಿಬಿ. ಬಡ ದೇಶಗಳಲ್ಲಿ ಪರೀಕ್ಷೆ, ಮಾತ್ರೆ ಎಲ್ಲರಿಗೂ ಪುಕ್ಕಟೆ ಸಿಗಲೆಂದು ಹಲವು ದೇಶಗಳು ಸೇರಿ ಮಾಡಿರುವ ನಿಧಿಯಿದೆ. ಅದಕ್ಕೆ ನಮ್ಮ ದೇಶ ಇನ್ನಷ್ಟು ಕೊಡಲಿ, ಆ ಮಾತನ್ನು ಎಂ.ಪಿ. ಲೋಕಸಭೆಯಲ್ಲಿ ಎತ್ತಲಿ.

"ಮನೇಗೆ ಕಾಯ್ಲೆ ಬಂದ್ರೆ ಹಿಂದ್ಗಡೇನೇ ಬಡತನ ಬತ್ತದೆ. ನಿಂಗೆ ನಾನು ಹೇಳ್ಬೇಕಾ?" ಅಂದರು.

ಹೇಳಬೇಕಾಗಿರಲಿಲ್ಲ. ಅಮ್ಮ ಮಲಗಿದ್ದ ವರ್ಷ ನಾನು ಶಾಲೆ ಬಿಟ್ಟು ಮೆಣಸು ಬಿಡಿಸಲು ಹೋಗಿದ್ದೆ. ಅಂದು ಸಂಜೆ ಮೊದಲ ಕಾಗದ ಬರೆದೆ. ನಾಲ್ಕು ಸಲ ಹರಿದು, ಐದನೆಯದರಲ್ಲಿ ಅಮ್ಮನ ಕಥೆಯನ್ನೇ ಬರೆದೆ. ಅಂಗಡಿಯ ಬಿಲ್ಲಿನ ಹಾಳೆಯಾದ್ದರಿಂದ ಮೇಲೆ ನನ್ನ ಫೋನ್ ನಂಬರು ಹಾಗೇ ಉಳಿಯಿತು.

ಮೂರನೆಯವರು ರೈಟ್ರು. ಪಕ್ಕದ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವವರು, ಐವತ್ತರ ಹತ್ತಿರದ ಗಂಭೀರ ಮನುಷ್ಯ. ಷರ್ಟಿನ ಕಾಲರ್ ತಿರುಗಿಸಿ ಹೊಲಿಸಲು ಬಂದಿದ್ದರು. ಅವರು ಅಳತೆ ಚೀಟಿಯಲ್ಲಿ ತಮ್ಮ ಹೆಸರು ಬರೆದ ಚಂದ ನೋಡಿ ಸಿಸ್ಟರಮ್ಮ ಕೈ ಹಿಡಿದುಬಿಟ್ಟರು. "ಇಂಥ ಅಕ್ಷರ ಹಾಜರಿ ಪುಸ್ತಕದಲ್ಲಿ ಕೊಳೀಬಾರ್ದು ಕಣ್ರೀ ರೈಟ್ರೇ." ಹೊಗಳಿಕೆಗೆ ಕಿವಿಯವರೆಗೂ ಕೆಂಪಾದ ಅವರು ಅಲ್ಲೇ ಎರಡು ಕಾಗದ ಬರೆದು ಕೊಟ್ಟರು.

ಶ್ರಾವಣ ಕಳೆದು ಗೌರಿಹಬ್ಬ ಹತ್ತಿರವಾದಾಗ ಅಂಗಡಿ ತುಂಬಿತು. ಕಾಯುತ್ತಾ ಕೂತ ಹೆಂಗಸರ ಕೈಗೆ ನಾನು ಹಾಳೆ, ಪೆನ್ನು ಕೊಡತೊಡಗಿದೆ. "ಕಾಗ್ದ ಬರ್ದೋರ ರವಿಕೆಗೆ ಹುಕ್ಕು ಮೊದ್ಲು," ಅಂದೆ. ಬರೆದದ್ದೇ ಬರೆದದ್ದು. ತೋಟಕ್ಕೆ ಆನೆ ಬರುತ್ತದೆ, ಯಸಳೂರಿಗೆ ಸಂಜೆ ಇನ್ನೊಂದು ಬಸ್ಸು ಬೇಕು, ಶಾಲೆಗೆ ಮೇಷ್ಟ್ರು ಬೇಕು. ಒಬ್ಬಾಕೆ ತನ್ನ ಎಮ್ಮೆ ಹೆಣ್ಣು ಕರು ಹಾಕಿದ ಸಂತೋಷವನ್ನೂ ಎಂ.ಪಿ. ಸಾಹೇಬರಿಗೆ ತಿಳಿಸಿದ್ದಳು. ಅದನ್ನು ಹೊಡೆದುಹಾಕಲು ಹೋದ ನನ್ನನ್ನು ಸಿಸ್ಟರಮ್ಮ ತಡೆದರು.

"ಇರ್ಲಿ ಬುಡು. ಬೈಗುಳಾನೇ ಓದಿ ಓದಿ ಅವ್ರಿಗೂ ಬೇಜಾರಾಗಿರ್ತದೆ. ಕೆಳಗೆ ನಾಕು ಸಾಲು ಟಿಬಿ ವಿಷ್ಯ ಐತಾ ನೋಡು, ಸಾಕು."

ಕಾಗದಗಳು ಹೋದವು. ಉತ್ತರ ಬರಲಿಲ್ಲ. ದಸರಾ ಕಳೆದ ಮೇಲೆ ಎಂ.ಪಿ. ಸಕಲೇಶಪುರದ ಪ್ರವಾಸಿ ಮಂದಿರಕ್ಕೆ ಬರುತ್ತಾರೆಂಬ ಸುದ್ದಿ ತಿಳಿಯಿತು. ನಾವು ಮೂವರೂ ಬೆಳಗಿನ ಬಸ್ಸು ಹತ್ತಿದೆವು. ರೈಟ್ರು ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿದ್ದರು. ಎರಡು ನಿಮಿಷದ ಮಾತು ಅವರದೇ ಎಂದು ತೀರ್ಮಾನವಾಗಿತ್ತು. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಅದನ್ನೇ ಗೊಣಗುತ್ತಲೇ ಇದ್ದರು. ಪಕ್ಕದ ಸೀಟಿನ ಅಜ್ಜಿ ನನ್ನನ್ನು ಮೆಲ್ಲಗೆ ತಿವಿದು, "ಪಾಪ, ಯಾವ ದೇವ್ರಿಗೆ ಹರಕೆ ಹೊತ್ತವ್ರೆ?" ಎಂದು ಕೇಳಿತು.

ಪ್ರವಾಸಿ ಮಂದಿರದ ಅಂಗಳದಲ್ಲಿ ಜನವೋ ಜನ. ಬಾಗಿಲಲ್ಲಿ ಎಂ.ಪಿ.ಯವರ ಸಹಾಯಕ ಪಟ್ಟಿ ಹಿಡಿದು ನಿಂತಿದ್ದ.

"ನಿಮ್ದು ಆನೆ ವಿಷಯಾನಾ? ರಸ್ತೇನಾ?"

"ಬಡತನ," ಅಂದರು ಸಿಸ್ಟರಮ್ಮ.

"ಯಾವೂರ್ದು?"

"ಲೋಕದ್ದು."

ಆತ ಪೆನ್ನು ಎತ್ತಿ ನಮ್ಮ ಮೂವರನ್ನೂ ಒಂದು ಸುತ್ತು ನೋಡಿದ. ಆಮೇಲೆ ಏನು ತೋಚಿತೋ, ಪಟ್ಟಿಯ ಕೊನೆಯಲ್ಲಿ 'ಇತರೆ' ಎಂದು ಬರೆದುಕೊಂಡ.

ನಮ್ಮ ಸರದಿ ಬಂದಾಗ ಊಟದ ಹೊತ್ತು ಮೀರಿತ್ತು. ಎಂ.ಪಿ. ದಣಿದಿದ್ದರು, ಕುರ್ಚಿಗೆ ಒರಗಿದ್ದರು. ರೈಟ್ರು ಎದುರು ನಿಂತು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಅವರು ಆ ಮಾತನ್ನು ಬಾಯಿಪಾಠ ಮಾಡಿದ್ದು ಎಸ್ಟೇಟಿನಲ್ಲಿ, ಬೆಳಿಗ್ಗೆ ಹಾಜರಿ ಕೂಗುವುದಕ್ಕೆ ಮೊದಲು. ಹಾಗಾಗಿ ಅದು ಹಾಜರಿಯ ದನಿಯಲ್ಲೇ ಹೊರಟಿತು. "ಸಾರ್! ಟಿಬಿಗೆ ಔಷಧಿ ಇದೆ! ಸಿಗದವರು ಸಾಯುತ್ತಿದ್ದಾರೆ!" ಕೋಣೆ ಗುಂಯ್‌ಗುಟ್ಟಿತು. ಎಂ.ಪಿ. ತಮಗೇ ತಿಳಿಯದಂತೆ ನೆಟ್ಟಗೆ ಕೂತರು. ಇನ್ನೇನು ಅವರೂ "ಹಾಜರ್" ಎಂದುಬಿಡುತ್ತಾರೇನೋ ಎನಿಸಿ ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಆದರೆ ರೈಟ್ರು ಒಂದು ಪದವನ್ನೂ ಬಿಡದೆ, ಸರಿಯಾಗಿ ಎರಡು ನಿಮಿಷಕ್ಕೆ ಮುಗಿಸಿದರು.

ಎಂ.ಪಿ. ನೀರು ಕುಡಿದು ಕೇಳಿದರು: "ಅಲ್ಲ ರೀ, ಬೆಳಿಗ್ಗೆಯಿಂದ ಇಲ್ಲಿ ಬಂದವರೆಲ್ಲ ತಮಗೆ ಬೇಕಾದ್ದು ಕೇಳಿದ್ರು. ನೀವು ಇನ್ನೊಂದು ದೇಶದವರಿಗೋಸ್ಕರ ಕೇಳ್ತಿದ್ದೀರಿ. ನಿಮಗೇನು ಬೇಕು?"

ರೈಟ್ರು ನನ್ನ ಕಡೆ ನೋಡಿದರು. ನನ್ನ ಬಾಯಿಂದ ತಾನಾಗಿಯೇ ಬಂತು.

"ನಂಗೆ ಬೇಕಾದ್ದು ಆಗ್ಲೇ ಸಿಕ್ಕೈತೆ ಸಾರ್. ನಮ್ಮವ್ವಂಗೆ ಟಿಬಿ ಬಂದಾಗ ಪುಕ್ಸಟ್ಟೆ ಮಾತ್ರೆ ಸಿಕ್ತು. ಎಲ್ಲೋ ದೂರದಲ್ಲಿ, ನಮ್ಮ ಮುಖಾನೇ ನೋಡ್ದೇ ಇದ್ದೋರು ಯಾರೋ ಕೂತು, ಬಡವ್ರಿಗೆ ಇದು ಸಿಗ್ಬೇಕು ಅಂತ ತೀರ್ಮಾನ ಮಾಡಿರ್ಬೇಕಲ್ವಾ ಸಾರ್? ಅವರ್ಯಾರು ಅಂತ ನಂಗೆ ಗೊತ್ತಿಲ್ಲ. ಈ ಸಲ ಹಂಗೆ ತೀರ್ಮಾನ ಮಾಡೋ ಜಾಗದಲ್ಲಿ ನೀವಿದ್ದೀರಿ. ಅದ್ಕೇ ಬಂದ್ವಿ."

ಎಂ.ಪಿ. ಮುಂದಕ್ಕೆ ಬಾಗಿದರು. "ನಿಮ್ಮ ತಾಯಿ ಈಗ ಹೇಗಿದ್ದಾರೆ?"

"ಗಟ್ಟಿಯಾಗವ್ರೆ ಸಾರ್. ನನ್ನ ಸಾರು ಮಾತ್ರ ಒಪ್ಪಾಕಿಲ್ಲ."

ಅವರು ಜೋರಾಗಿ ನಕ್ಕರು. ಸಿಸ್ಟರಮ್ಮ ಕೊಟ್ಟ ಮನವಿಯನ್ನು ಸಹಾಯಕನಿಗೆ ಕೊಡದೆ ತಮ್ಮ ಜೇಬಿಗೇ ಹಾಕಿಕೊಂಡರು. "ನೋಡೋಣ," ಅಂದರು. ನೋಡೋಣ ಎಂಬ ಮಾತನ್ನು ನಾವು ಎಷ್ಟು ಕೇಳಿಲ್ಲ! ಆದರೂ ಹೋಟೆಲಿನಲ್ಲಿ ದೋಸೆ ತಿನ್ನುವಾಗ ಮೂವರಿಗೂ ಖುಷಿಯೇ ಖುಷಿ. ರೈಟ್ರು ಎರಡು ಸಲ ಚಟ್ನಿ ಹಾಕಿಸಿಕೊಂಡರು.

ಡಿಸೆಂಬರಿನಲ್ಲಿ ಒಂದು ದಿನ ತೋಳಿನ ಬಟ್ಟೆ ಕತ್ತರಿಸುತ್ತಿದ್ದಾಗ ದೆಹಲಿಯಿಂದ ಫೋನ್ ಬಂತು. ಅದೇ ಸಹಾಯಕ. "ಕಾಗದದ ಮೇಲೆ ನಿಮ್ಮ ನಂಬರಿತ್ತು. ಸಾಹೇಬ್ರು ನಾಳೆ ಮಧ್ಯಾಹ್ನ ಆ ವಿಷಯ ಎತ್ತಬಹುದು, ಟೈಮ್ ಸಿಕ್ಕಿದ್ರೆ." ನಾನು ಕತ್ತರಿ ಕೆಳಗಿಟ್ಟವಳು ಮತ್ತೆ ಎತ್ತಿಕೊಂಡದ್ದು ಎಷ್ಟು ಹೊತ್ತಿಗೋ.

ಅಂಗಡಿಯಲ್ಲಿ ನೆಟ್‌ವರ್ಕ್ ನಿಲ್ಲುವುದಿಲ್ಲ. ಎಸ್ಟೇಟಿನಲ್ಲಿ ಕಾಫಿ ಒಣಗಿಸುವ ಕಣ ಎತ್ತರದಲ್ಲಿದೆ, ಅಲ್ಲಿ ಚೆನ್ನಾಗಿ ಸಿಗುತ್ತದೆ ಎಂದರು ರೈಟ್ರು. ಮರುದಿನ ಸಿಸ್ಟರಮ್ಮನ ಕೈ ಹಿಡಿದು ಗುಡ್ಡ ಹತ್ತಿಸಿದೆ. ಕಣದ ತುಂಬ ಹಣ್ಣು ಕಾಫಿ ಹರಡಿತ್ತು. ಅದನ್ನು ಕಾಲಿನಲ್ಲಿ ತಿರುವುತ್ತಿದ್ದ ಹೆಂಗಸರು, ರೈಟ್ರು ಹಾಜರಿ ಪುಸ್ತಕಕ್ಕೆ ಫೋನನ್ನು ಒರಗಿಸಿಟ್ಟು ಮಂಡಿಯೂರಿ ಕೂತದ್ದು ನೋಡಿ ಒಬ್ಬೊಬ್ಬರಾಗಿ ಸುತ್ತ ಸೇರಿದರು.

ಫೋನಿನಲ್ಲಿ ಲೋಕಸಭೆ ನಡೆಯುತ್ತಿತ್ತು, ಯಾರ್ಯಾರೋ ಮಾತಾಡಿದರು. ಕಾದೆವು. ಕೊನೆಗೆ ನಮ್ಮ ಎಂ.ಪಿ. ಎದ್ದು ನಿಂತರು. ಕನ್ನಡದಲ್ಲೇ ಮಾತಾಡಿದರು. ಟಿಬಿ, ಬಡ ದೇಶಗಳು, ನಿಧಿ ಎಲ್ಲವೂ ಬಂತು. ಆಮೇಲೆ, "ನನ್ನ ಕ್ಷೇತ್ರದ ಟೈಲರ್ ಹೆಣ್ಣುಮಗಳೊಬ್ಬರು ನನಗೆ ಹೇಳಿದರು..." ಎಂದರು. ಅಷ್ಟರಲ್ಲಿ ಹೆಂಗಸರು ಹೋ ಎಂದು ಕೂಗಿಬಿಟ್ಟದ್ದರಿಂದ, ನಾನು ಏನು ಹೇಳಿದ್ದೆನೆಂಬುದು ನನಗೇ ಕೇಳಿಸಲಿಲ್ಲ. ರೈಟ್ರು, "ಸೈಲೆನ್ಸ್! ಸೈಲೆನ್ಸ್!" ಎಂದು ಕೂಗಿ ಇದ್ದ ಮಾತನ್ನೂ ಮುಳುಗಿಸಿದರು. ಸಿಸ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ಹೇಳ್ಬುಟ್ಟ ಕಣೇ, ಹೇಳ್ಬುಟ್ಟ," ಎನ್ನುತ್ತಿದ್ದರು.

ಅದರಿಂದ ಲೋಕದ ಬಡತನ ಹೋಯಿತೆಂದು ನಾನು ಹೇಳುತ್ತಿಲ್ಲ. ಸರ್ಕಾರದಿಂದ ಬಂದ ಉತ್ತರದಲ್ಲಿ 'ಪರಿಶೀಲಿಸಲಾಗುವುದು' ಎಂದಿತ್ತು. ಆದರೆ ಬೇರೆ ಬೇರೆ ಊರುಗಳ ನಮ್ಮಂಥವರು ಕೇಳಿದ್ದಕ್ಕೆ ಇನ್ನೂ ಕೆಲವು ಸದಸ್ಯರು ಅದೇ ಮಾತು ಎತ್ತಿದರೆಂದು ಬಳಗದವರು ತಿಳಿಸಿದರು. ದೇವಸ್ಥಾನದ ಗಂಟೆಯನ್ನು ಹತ್ತು ಜನ ಹೊಡೆದರೆ ಯಾವ ದೇವರಿಗಾದರೂ ಎಚ್ಚರವಾಗಲೇಬೇಕು ಎಂದು ಸಿಸ್ಟರಮ್ಮನ ನಂಬಿಕೆ.

ಸಂಕ್ರಾಂತಿ ಕಳೆದ ವಾರ ಆಲೂರು ಕಡೆಯ ಕುಂದೂರಿನಿಂದ ಕರೆ ಬಂತು. ಅಲ್ಲಿನ ಕೆಲವು ಹೆಂಗಸರು ತಾವೂ ಕಾಗದ ಬರೆಯಬೇಕು, ಬಂದು ಹೇಳಿಕೊಡಿ ಎಂದರು. ಹಾಲಿನ ಡೈರಿಯ ಜಗಲಿಯಲ್ಲಿ ಎಂಟು ಜನ ಕೂತಿದ್ದರು. ಸಿಸ್ಟರಮ್ಮ ನನ್ನನ್ನೇ ಮುಂದೆ ತಳ್ಳಿದರು. ನಾನು ಹಾಳೆ ಹಂಚಿ, ಎಲ್ಲಕ್ಕಿಂತ ಮೊದಲು ಏನು ಹೇಳಬೇಕೆಂದು ಯೋಚಿಸುತ್ತಿದ್ದೆ. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಪೆನ್ನಿನ ಮುಚ್ಚಳ ತೆಗೆದು ಆಗಲೇ ಸಿದ್ಧರಾಗಿದ್ದರು.

"ಶುರು ಮಾಡವ್ವ," ಅಂದರು, "ಹಾಲು ಕರ್ಯೋ ಹೊತ್ಗೆ ಲೋಕ ಸರಿಮಾಡಿ ಮನೇಗೆ ಹೋಗ್ಬೇಕು."