ದೊಡ್ಡಮ್ಮನಿಗೆ ತಂದ ಚಕ್ಕೋತದ ಸಾರ್ಬೆಟ್

ದೇವನಹಳ್ಳಿ ಹೆದ್ದಾರಿ ಪಕ್ಕದ ಐಸ್‌ಕ್ರೀಮ್ ಅಂಗಡಿಯಲ್ಲಿ ನನಗೆ ಸಂಬಳ ಕೊಡುವುದು ಕಪ್ ತುಂಬಿಸಲು. ನಾನು ಮಾಡುವುದು ಮಿಮಿಕ್ರಿ. ಸಾರ್ಬೆಟ್ಟಿಗೂ ಶರ್ಬೆಟ್ಟಿಗೂ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಿದರೆ, ಮಾಲೀಕರ ಹಾಗೆ ಹೊಟ್ಟೆ ಮುಂದೆ ಮಾಡಿ ಮೂಗಿನಲ್ಲೇ ಹೇಳುತ್ತೇನೆ: "ಸಾರ್ಬೆಟ್ಟಿಗೆ ಹಣ್ಣು, ಸಕ್ಕರೆ, ನೀರು ಅಷ್ಟೇ ಸಾರ್. ಶರ್ಬೆಟ್ಟಿಗೆ ಒಂಚೂರು ಹಾಲು ಬೀಳುತ್ತೆ." ಐಸ್ ಕ್ಯಾಂಡಿಯಲ್ಲೂ ಇರುವುದು ಹಣ್ಣಿನ ನೀರೇ, ಆದರೆ ಅದನ್ನು ಕಡೆಯುವುದಿಲ್ಲ. ನಾಲ್ಕು ಸಲ ಚೀಪಿದರೆ ಬಣ್ಣವೆಲ್ಲ ಹೋಗಿ ಕಡ್ಡಿಗೆ ಬರೀ ಮಂಜುಗಡ್ಡೆ ಉಳಿಯುತ್ತದೆ. ಥೇಟ್ ನನ್ನ ಹಾಗೆ.

ದೊಡ್ಡಮ್ಮ ಎಂದರೆ ಅಪ್ಪನ ಅಣ್ಣನ ಹೆಂಡತಿ. ನನ್ನ ಕೋತಿ ಚೇಷ್ಟೆಗೆ ಮೊದಲು ನಕ್ಕವರು. ಗಂಟಲ ಕ್ಯಾನ್ಸರ್‌ಗೆ ಆಸ್ಪತ್ರೆಯಲ್ಲಿ ಕರೆಂಟ್, ಅಂದರೆ ರೇಡಿಯೇಷನ್, ಇಟ್ಟ ಮೇಲೆ ಅವರ ಬಾಯಿ ತುಂಬ ಹುಣ್ಣು. ಗಂಜಿಯೂ ಇಳಿಯುತ್ತಿರಲಿಲ್ಲ. ತಣ್ಣಗಿರುವುದು ಏನಾದರೂ ಕೊಡಿ ಎಂದರು ಡಾಕ್ಟರು. ತಣ್ಣಗಿರುವುದಕ್ಕೆ ನಾನೇ ಪಂಡಿತನಲ್ಲವೇ! ಅವರೇ ಹಿತ್ತಲಲ್ಲಿ ನೆಟ್ಟಿದ್ದ ಚಕ್ಕೋತದ ಮರದಿಂದ ಎರಡು ಹಣ್ಣು ಕಿತ್ತೆ. ಅಂಗಡಿಯಲ್ಲಿ ಐಸ್ ಮಾಡುವವರ ಕೈಕಾಲು ಹಿಡಿದು ಸಾರ್ಬೆಟ್ ಮಾಡಿಸಿ, ಥರ್ಮೋಕೋಲ್ ಡಬ್ಬಿಯಲ್ಲಿ ತಂದೆ.

ಮನೆಯವರೆಲ್ಲ ಸುತ್ತ ಕೂತಿದ್ದರು. ಮೊದಲ ಚಮಚ ಬಾಯಿಗಿಟ್ಟೆ. ದೊಡ್ಡಮ್ಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಭುಜ ಕಿವಿಯ ತನಕ ಏರಿತು, ಕಾಲಿನ ಹೆಬ್ಬೆರಳು ನೆಟ್ಟಗಾಯಿತು.

"ಹೆಂಗೈತೆ ದೊಡ್ಡಮ್ಮ?"

"ಚೆನ್ನಾಗೈತೆ ಕಣ್ಲಾ. ಇನ್ನೊಂದು ಹಾಕು."

ಹಲ್ಲು ಜುಮ್ಮೆಂದಿರಬೇಕು ಎಂದುಕೊಂಡೆ. ತಕ್ಷಣ ಅದೇ ಮುಖ, ಅದೇ ಭುಜ, ಅದೇ ಹೆಬ್ಬೆರಳು ಮಾಡಿ ತೋರಿಸಿದೆ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. "ಲೇ ಕೋತಿ, ನನ್ನೂ ಬಿಡಲ್ವಾ?" ಎಂದು ದೊಡ್ಡಮ್ಮನೂ ನಕ್ಕರು. ಕಣ್ಣಿಂದ ನೀರು ಇಳಿಯುತ್ತಿತ್ತು. ಬಟ್ಟಲು ಖಾಲಿ ಮಾಡಿದರು.

ಮಾರನೆಯ ದಿನ ಅವರ ಮಗಳು, ನನ್ನ ಅಕ್ಕ, ಹಿತ್ತಲಿಗೆ ಕರೆದಳು. "ಹುಣ್ಣಿನ ಮೇಲೆ ಹುಳಿ ಬಿದ್ರೆ ಏನಾಗುತ್ತೆ ಗೊತ್ತಿಲ್ವೇನೋ? ನೀನು ಹೋದ್ಮೇಲೆ ಅಮ್ಮ ಉರಿ ಉರಿ ಅಂತ ಒದ್ದಾಡ್ತು. ನಿಂಗೆ ಹೇಳ್ಬೇಡ ಅಂದೈತೆ."

ಊರಿನವರ ಮುಖವನ್ನೆಲ್ಲ ಕದಿಯುತ್ತಿದ್ದೆ. ಕದ್ದದ್ದು ಏನೆಂದು ನೋಡಿರಲಿಲ್ಲ.

ಆಮೇಲೆ ಸಪೋಟದ ಶರ್ಬೆಟ್ ಮಾಡಿಸಿದೆ. ಹುಳಿಯಿಲ್ಲ, ಜೊತೆಗೆ ಹಾಲು ಬಿದ್ದದ್ದು. ಸಲೀಸಾಗಿ ಇಳಿಯಿತು. ಎರಡು ವಾರ ತಿಂದರು, ಆಮೇಲೆ ತೀರಿಕೊಂಡರು.

ಹನ್ನೊಂದನೆಯ ದಿನ ಎಡೆ. ಸತ್ತವರಿಗೆ ಇಷ್ಟವಾದದ್ದೆಲ್ಲ ಬಾಳೆ ಎಲೆಗೆ ಬರಬೇಕು. ಮುದ್ದೆ, ಸೊಪ್ಪಿನ ಸಾರು, ಕಜ್ಜಾಯ ಬಡಿಸಿದ್ದಾಯಿತು. "ಆ ಚಕ್ಕೋತದ ಐಸೂ ಇಡಪ್ಪ. ಅವತ್ತು ಎಷ್ಟು ಆಸೆಪಟ್ಟು ತಿಂದ್ಲು" ಎಂದರು ದೊಡ್ಡಪ್ಪ. ಅಕ್ಕ ತಲೆ ತಗ್ಗಿಸಿದಳು. ನಾನು ಇಟ್ಟದ್ದು ಸಪೋಟದ್ದು.

ದೊಡ್ಡಮ್ಮ ಬಂದು ಉಣ್ಣಲಿ ಎಂದು ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಜಗಲಿಯಲ್ಲಿ ಕೂತೆವು. ದೊಡ್ಡಪ್ಪ ಮೆಲ್ಲಗೆ ಮೊಣಕೈ ತಿವಿದರು.

"ಅವತ್ತು ಅವಳ ಮುಖ ಮಾಡಿದ್ಯಲ್ಲೋ, ಇನ್ನೊಂದ್ಸಲ ಮಾಡು. ನೋಡ್ಬೇಕು ಅನ್ನಿಸ್ತೈತೆ."

"ಲೇ ಕೋತಿ, ನನ್ನೂ ಬಿಡಲ್ವಾ?" ಎಂದೆ, ದೊಡ್ಡಮ್ಮನ ದನಿಯಲ್ಲಿ.

ದೊಡ್ಡಪ್ಪ ನಕ್ಕು, ಮೂಗು ಒರೆಸಿಕೊಂಡರು. "ಅದಲ್ಲ ಕಣೋ, ಚಕ್ಕೋತ ತಿಂದಾಗಿಂದು."

"ಅದು ಮರ್ತೋಯ್ತು ದೊಡ್ಡಪ್ಪ" ಎಂದೆ.